ಅವನು ಕೊಡದ ಬಿಲ್ಲು

"ನನ್ನ ಮೂಗು ನೋಡ್ರಿ."

"ಏನಂದ್ರಿ?"

"ಎರಡೂ ಕೈ ಮುಂದ ಚಾಚ್ರಿ. ಬೆರಳು ಕೂಡಿಸಿ ಒಂದು ಸಣ್ಣ ಕಿಡಕಿ ಮಾಡ್ರಿ, ಹಿಂಗ. ಆ ಕಿಡಕಿಯೊಳಗಿಂದ ನನ್ನ ಮೂಗು ನೋಡ್ರಿ. ಕಣ್ಣ ಮುಚ್ಚಬ್ಯಾಡ್ರಿ."

ಉಮಾಳಿಗೆ ಸಿಟ್ಟೂ ಬಂತು, ನಗೆಯೂ ಬಂತು. ರೋಣದಿಂದ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಬಂದದ್ದು ಒಂದು ಬಿಲ್ಲು ಕೊಳ್ಳಲಿಕ್ಕೆ. ಪರಗಂಡಸಿನ ಮೂಗು ನೋಡಲಿಕ್ಕಾ!

ಆದರೂ ನೋಡಿದಳು. ಬಿಸಿಲಿಗೆ ಕಪ್ಪಾದ, ನಡುವೆ ಒಂದಿಷ್ಟು ಸೊಟ್ಟಗಿದ್ದ ಮೂಗು. ಅದರ ಮೇಲೆ ಎರಡು ಕಣ್ಣು... ಅವು ಅವಳನ್ನೇ ನೋಡುತ್ತಿದ್ದವು.

ಉಮಾ ಗಕ್ಕನೆ ಕೈ ಕೆಳಗಿಳಿಸಿಬಿಟ್ಟಳು.

ಅವನ ಹೆಸರು ಕಳಕೇಶ. ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಪ್ರತಿ ರವಿವಾರ ಬಿಲ್ಲುಗಾರಿಕೆ ಕಲಿಸುತ್ತಿದ್ದ. ಉಳಿದ ದಿನ ಒಂದು ಖಾಸಗಿ ಸಾಲಿಯಲ್ಲಿ ಆಟದ ಮಾಸ್ತರ. ಹೊಸಬರಿಗೆ ಸೋವಿ ದರದಲ್ಲಿ ಬಿಲ್ಲನ್ನೂ ತರಿಸಿಕೊಡುತ್ತಾನೆ ಎಂದು ಯಾರೋ ಹೇಳಿದ್ದನ್ನು ಕೇಳಿ ಉಮಾ ಬಂದಿದ್ದಳು.

ಒಬ್ಬಳೇ ಅಲ್ಲ. ಅವಳ ಆಯಿ, ಅಂದರೆ ಅಜ್ಜಿ ಉಡಚವ್ವ, ಬೇವಿನ ಗಿಡದ ಕೆಳಗೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದವಳು ಅವಳೇ. ಉಮಾ ಹೊಸ್ತಿಲು ದಾಟಿದರೆ ಆಯಿಯ ಊರುಗೋಲು ಹಿಂದೆ ಬಂತೆಂದೇ ಲೆಕ್ಕ.

"ಮೊದಲನೇ ಬಿಲ್ಲು ಸೋವಿ ಇರಬೇಕ್ರಿ, ಹಗೂರ ಇರಬೇಕು," ಎಂದ ಕಳಕೇಶ, ಅದೇ ಗಿಡದ ಟೊಂಗೆಗೆ ಸಾಲಾಗಿ ತೂಗುಹಾಕಿದ ಬಿಲ್ಲುಗಳತ್ತ ನಡೆಯುತ್ತ. "ಇವೆಲ್ಲಾ ತುದಿ ಮುಂದಕ್ಕ ಬಾಗಿದ ರಿಕರ್ವ್ ಬಿಲ್ಲು. ನಡುವಿನ ಹಿಡಿಕಿ ಬ್ಯಾರೆ, ಮ್ಯಾಲೆ ಕೆಳಗಿನ ರೆಕ್ಕಿ ಬ್ಯಾರೆ. ಈಗ ಇಪ್ಪತ್ತು ಪೌಂಡ್ ಬಲಕ್ಕ ಬಾಗೂ ರೆಕ್ಕಿ ಸಾಕು. ತೋಳು ಗಟ್ಟಿ ಆದಂಗ ರೆಕ್ಕಿ ಅಷ್ಟ ಬದಲಿ ಮಾಡಿದ್ರ ಆತು. ಹುರುಪಿಗೆ ಬಿದ್ದು ಭಾರದ್ದು ತಗೊಂಡವರು ಭುಜಾ ಹಿಡಕೊಂಡು ಕೂಡತಾರ."

ಉಮಾ ಕೇಳುತ್ತಿರಲಿಲ್ಲ. ಅವಳ ಕಣ್ಣು ಒಂದರ ಮೇಲೆ ನೆಟ್ಟಿತ್ತು. ದ್ರಾಕ್ಷಿ ಬಣ್ಣದ ಕಟ್ಟಿಗೆಯ ಹಿಡಿಕೆ, ಬಿಳಿ ರೆಕ್ಕೆಗಳು. ಇದೇ! ಇದೇ ನನ್ನದು!

ಅವಳು ಉಟ್ಟ ಸೀರೆ ಆಯಿ ಆರಿಸಿದ್ದು. ಓದಿದ ಕಾಲೇಜು ಅಪ್ಪ ಆರಿಸಿದ್ದು. ಹುಟ್ಟಿದಾಗಿನಿಂದ ತಾನೇ ಕೈಮಾಡಿ 'ಇದು ನನಗೆ ಬೇಕು' ಎಂದದ್ದು ಒಂದೂ ಇರಲಿಲ್ಲ. ಹೆಂಗಸರ ಜಾಕೀಟು ಹೊಲಿದು ಕೂಡಿಸಿದ ರೊಕ್ಕದಲ್ಲಿ ಕೊಳ್ಳಲು ಬಂದ ಈ ಬಿಲ್ಲು ಅವಳ ಮೊದಲ ಸ್ವಂತ ಆಸೆ.

"ಸರ್, ಇದು ಕೊಡ್ರಿ."

ಅಷ್ಟರಲ್ಲಿ ಆಯಿ ನೀರಿನ ಬಾಟಲಿ ಚಾಚಿದಳು. ಉಮಾ ಬಿಲ್ಲನ್ನೇ ನೋಡುತ್ತ ಎಡಗೈ ಮುಂದೆ ಮಾಡಿದಳು. ಚಟ್! ಆಯಿ ಆ ಕೈಗೆ ಏಟು ಕೊಟ್ಟಳು.

"ಬಲಗೈ!"

ಉಮಾ ನಾಲಿಗೆ ಕಚ್ಚಿಕೊಂಡು ಬಲಗೈಯಲ್ಲಿ ತೆಗೆದುಕೊಂಡಳು. ಉಗುರು ಕಚ್ಚುವ ಹಾಗೆ ಇದೂ ತನ್ನದೊಂದು ಕೆಟ್ಟ ಚಟ ಎಂದೇ ಅವಳು ತಿಳಿದಿದ್ದಳು.

ಕಳಕೇಶ ಇದನ್ನು ನೋಡಿದ. ಅವನ ಮುಖ ಸಪ್ಪಗಾಯಿತು. ಆಯಿಯೂ ಅವನು ನೋಡಿದ್ದನ್ನು ನೋಡಿದಳು. ಕೋಲೂರಿ ಎದ್ದು, ಅವನನ್ನು ಗಿಡದ ಆಚೆಗೆ ಕರೆದು ಏನೋ ಮಾತಾಡಿದಳು. ಏನು ಮಾತು? ಉಮಾಳಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಈ ಕಥೆಯಲ್ಲಿ ಇಷ್ಟು ಕಣ್ಣೀರು ಇರುತ್ತಿರಲಿಲ್ಲ!

ವಾಪಸು ಬಂದವನು ಉಮಾಳ ಮುಖ ನೋಡಲಿಲ್ಲ.

"ಆ ಬಿಲ್ಲು ನಿಮಗ ಕೊಡೂದಿಲ್ರಿ."

"ಯಾಕ್ರಿ? ರೊಕ್ಕ ತಂದೀನಲ್ಲ!"

"ರೊಕ್ಕದ ಮಾತಲ್ಲ. ಬ್ಯಾರೇದು ತರಿಸಿ ಕೊಡತೀನಿ. ಸ್ವಲ್ಪ ದಿನ ತಡೀರಿ. ಅಲ್ಲೀತನಕ ರವಿವಾರ ಬರ್ರಿ, ತೋಳು ತಯಾರು ಮಾಡೋಣು."

ಎಂಥಾ ಮನುಷ್ಯ ಇವನು! ಮೂಗು ನೋಡು ಅನ್ನುತ್ತಾನೆ, ಬಿಲ್ಲು ಕೊಡುವುದಿಲ್ಲ ಅನ್ನುತ್ತಾನೆ... ಆದರೂ ಮುಂದಿನ ರವಿವಾರ ಬಂದಳು. ಅದರ ಮುಂದಿನ ರವಿವಾರವೂ.

ಸೈಕಲ್ಲಿನ ಹಳೆಯ ಟ್ಯೂಬು ಕಂಬಕ್ಕೆ ಕಟ್ಟಿ ಎಳೆಸುತ್ತಿದ್ದ. "ಎರಡೂ ಕೈಲೆ ಎಳೀರಿ, ಉಮಾ ಅವರ." ಎಳೆದು ಎಳೆದು ತೋಳು ಬಿದ್ದುಹೋಗುವಂತಾದಾಗ ಮಂಡಕ್ಕಿಯ ಗಿರಮಿಟ್ ತರಿಸುತ್ತಿದ್ದ. ಆಯಿಯದರಲ್ಲಿ ಮೆಣಸಿನಕಾಯಿ ತೆಗೆಸಿ ಕೊಡುತ್ತಿದ್ದ. ಗುಡ್ಡದ ಮೇಲಿನ ಗಾಳಿಯಂತ್ರಗಳು ಸುಮ್ಮನೆ ತಿರುಗುತ್ತಿದ್ದವು. ಉಮಾ ಮನೆಗೆ ಹೋದ ಮೇಲೂ ಅವನ ಸೊಟ್ಟ ಮೂಗು ನೆನೆದು ನಗುತ್ತಿದ್ದಳು.

ಒಮ್ಮೆ ಬಿಲ್ಲಿನ ಹಗ್ಗದ ಏಟು ಬೀಳದಂತೆ ಮುಂಗೈಗೆ ಕಟ್ಟುವ ಚರ್ಮದ ಪಟ್ಟಿ ತಂದ. ತಾನೇ ಕಟ್ಟಿದ. ಅವನ ಬೆರಳು ತಾಕಿದಲ್ಲೆಲ್ಲ ಬಿಸಿ.

"ಸರ್... ಎಲ್ಲಾರಿಗೂ ಎಡಗೈಗೆ ಕಟ್ಟತೀರಿ. ನನಗ ಮಾತ್ರ ಬಲಗೈಗೆ?" ಉಮಾ ನಕ್ಕಳು. "ಲಕ್ಷ್ಯ ಎಲ್ಲೈತ್ರಿ?"

ಕಳಕೇಶ ಬೇವಿನ ಗಿಡದತ್ತ ನೋಡಿದ. ಆಯಿ ಜಗಿಯುವುದನ್ನು ನಿಲ್ಲಿಸಿದ್ದಳು. ಅವನು ಸುಮ್ಮನೆ ಪಟ್ಟಿ ಬಿಚ್ಚಿ ಎಡಗೈಗೆ ಕಟ್ಟಿದ.

ನನ್ನನ್ನು ನೋಡುತ್ತ ಮೈಮರೆತ, ಪಾಪ... ಎಂದುಕೊಂಡಳು ಉಮಾ. ಆ ರಾತ್ರಿ ಪಟ್ಟಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಪ್ರೀತಿ ಎಂದರೆ ಇದೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ನಾಚಿದಳು.

ಆದರೆ ಬಿಲ್ಲು ಬರಲಿಲ್ಲ.

"ಬಂತೇನ್ರಿ?"

"ಬರ್ತೈತ್ರಿ. ಇಂಥಾದ್ದು ಲಗೂ ಸಿಗೂದಿಲ್ಲ."

ಅವಳ ಜೊತೆಗೆ ಬಂದವರಿಗೆಲ್ಲ ಬಿಲ್ಲು ಬಂತು. ಅವಳ ನಂತರ ಬಂದವರಿಗೂ ಬಂತು. ಉಮಾ ಮಾತ್ರ ಟ್ಯೂಬು ಎಳೆಯುತ್ತಿದ್ದಳು.

ಒಂದು ರವಿವಾರ ಬಸ್ಸು ತಡವಾಗಿತ್ತು. ಮೈದಾನಕ್ಕೆ ಓಡುತ್ತ ಬಂದವಳು ಅಲ್ಲೇ ನಿಂತಳು.

ಕಳಕೇಶ ಒಬ್ಬ ಹೊಸ ಹುಡುಗಿಯ ಎದುರು ನಿಂತಿದ್ದ. ಶ್ವೇತಾ ಅಂತೆ, ನರಗುಂದದವಳು. ಅವಳು ಕೈಯಿಂದ ಕಿಡಕಿ ಮಾಡಿ ಅವನ ಮೂಗು ನೋಡುತ್ತಿದ್ದಳು. ಅವನು ನಕ್ಕ. ಸಾಲಿನಿಂದ ಬಿಲ್ಲೊಂದನ್ನು ತೆಗೆದು ಅವಳ ಕೈಗಿಟ್ಟ.

ದ್ರಾಕ್ಷಿ ಬಣ್ಣದ ಹಿಡಿಕೆ... ಬಿಳಿ ರೆಕ್ಕೆ...

"ಇದು ನಿಮಗ ಸರಿ ಹೊಂದತೈತ್ರಿ," ಅನ್ನುವುದೂ ಕೇಳಿಸಿತು.

ಬಂದ ಮೊದಲ ದಿನವೇ ಅವಳಿಗೆ ಕೊಟ್ಟ! ನನಗೆ ಕೊಡುವುದಿಲ್ಲ ಅಂದದ್ದನ್ನೇ ಕೊಟ್ಟ! ಹಾಗಾದರೆ ಈ ರವಿವಾರಗಳೆಲ್ಲ ಏನು? ಆ ಗಿರಮಿಟ್, ಆ ಪಟ್ಟಿ... ಎಲ್ಲ ಒಬ್ಬ ಹುಚ್ಚಿಯನ್ನು ಆಡಿಸಿದ್ದಾ?

ಉಮಾ ಬಂದ ದಾರಿಯಲ್ಲೇ ತಿರುಗಿದಳು.

"ಯಾಕವಾ?" ಎಂದಳು ಆಯಿ, ಏದುಸಿರು ಬಿಡುತ್ತ.

"ಏನಿಲ್ಲ. ನನ್ನ ಬಿಲ್ಲು ನಾನ ತಗೋತೀನಿ."

ಮರುದಿನವೇ ಅಪ್ಪನನ್ನು ಕಾಡಿ ಬೇಡಿ, ಅವನ ಜೊತೆ ಯಾವಗಲ್ ಊರಿನ ಮೇಲೆ ಹೋಗುವ ಬಸ್ಸಿನಲ್ಲಿ ನರಗುಂದಕ್ಕೆ ಹೋದಳು. ಅಲ್ಲಿ ಪರಶಪ್ಪ ಎಂಬ ಪೈಲ್ವಾನನ ಹತ್ತಿರ ಹಳೆಯ ಬಿಲ್ಲೊಂದಿತ್ತು.

"ನಲವತ್ತೈದು ಪೌಂಡ್ ಐತಿ ತಂಗಿ," ಎಂದ ಪರಶಪ್ಪ. "ನನ್ನಂಥಾವನಿಗೆ ಬೆವರು ಇಳಿಸೇತಿ. ಸೋವಿಲೆ ಕೊಡತೀನಿ ಖರೇ, ಆದ್ರ ನಿನಗ್ಯಾಕ ಇದು?"

"ಇರಲಿ ಅಣ್ಣಾರ. ಇದ ಬೇಕು."

ಕಳಕೇಶ ಹೇಳಿದ್ದೆಲ್ಲ ನೆನಪಿತ್ತು. ನೆನಪಿದ್ದಕ್ಕೇ ತೆಗೆದುಕೊಂಡಳು! ಅವನ ಮಾತಿಗೆ ಉಲ್ಟಾ ನಡೆದರೆ ಎದೆಯ ಬೆಂಕಿ ಆರುತ್ತದೆ ಎಂದುಕೊಂಡಳು. ಸಿಟ್ಟಿನಲ್ಲಿ ಬಿಲ್ಲು ಆರಿಸಬಾರದು ಎಂದು ಅವಳಿಗೆ ಯಾರು ಹೇಳಬೇಕಿತ್ತು?

ನರಗುಂದದ ಗುಡ್ಡದ ಕೆಳಗೆ ಸ್ಪರ್ಧೆ ಇಟ್ಟಿದ್ದರು. ಉಮಾ ಹೆಸರು ಕೊಟ್ಟಳು. ಬಿಲ್ಲು ಹೆಗಲಿಗೇರಿಸಿ ಗೆರೆಯ ಹತ್ತಿರ ಬಂದಾಗ, ತನ್ನ ಹತ್ತಿರ ಕಲಿಯುವವರನ್ನು ಕರೆತಂದಿದ್ದ ಕಳಕೇಶ ಓಡಿ ಬಂದ. ಅವನ ಮುಖ ಬಿಳಿಚಿತ್ತು.

"ಉಮಾ ಅವರ! ಆ ಬಿಲ್ಲು ಬ್ಯಾಡ್ರಿ! ನಿಮಗ ಕೈ ಮುಗೀತೀನಿ, ಕೇಳ್ರಿ..."

"ನೀವ್ ಯಾರ್ರಿ ನನಗ ಹೇಳಾಕ?"

"ಅದು ನಿಮ್ಮ ಬಿಲ್ಲಲ್ಲ!"

"ಹಂಗಾದ್ರ ಯಾವುದು ನಂದು? ಹೇಳ್ರಿ! ಯಾಕ ಕೊಡಲಿಲ್ಲ ನನಗ? ಈಗ, ಇಲ್ಲೇ, ಹೇಳ್ರಿ!"

ಕಳಕೇಶ ಬಾಯಿ ತೆರೆದ. ಉಮಾಳ ಹಿಂದೆ ಆಯಿ ನಿಂತಿದ್ದಳು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಅವನನ್ನೇ ನೋಡುತ್ತ. ಅವನು ಬಾಯಿ ಮುಚ್ಚಿದ.

ಮುಚ್ಚಿಬಿಟ್ಟ! ಆ ಒಂದು ಗಳಿಗೆಯಲ್ಲಿ ಉಮಾ ಅವನನ್ನು ಪೂರ್ತಿ ದ್ವೇಷಿಸಿದಳು.

ಮೊದಲ ಬಾಣ ಎಡಕ್ಕೆ ಹೋಯಿತು. ಎರಡನೆಯದೂ ಎಡಕ್ಕೆ. ಎಷ್ಟು ಬಲಕ್ಕೆ ತಿರುಗಿ ನಿಂತರೂ ಎಡಕ್ಕೇ! ಏನಾಗಿದೆ ನನಗೆ? ಗುರಿ ಕಾಣಿಸುತ್ತಿದೆಯಲ್ಲ! ತೋಳು ನಡುಗುತ್ತಿತ್ತು, ಕಣ್ಣಲ್ಲಿ ನೀರು. ಅವನೆದುರು ಸೋಲಬಾರದು... ಹಲ್ಲು ಕಚ್ಚಿ ಎಳೆದಳು.

ಭುಜದೊಳಗೆ ಏನೋ ಪಟ್ಟನೆ ಹರಿದುಹೋಯಿತು.

ಚೀರಿದಳು. ಕೈ ಬಿಟ್ಟ ಬಾಣ ಪಕ್ಕದ ಶ್ವೇತಾಳ ಗುರಿಗೆ ಹೋಗಿ ನಾಟಿತು.

"ಮಂದಿ ಹಲಗಿಗೆ ಹೊಡೀತಾಳಲ್ಲೋ!" ಯಾರೋ ಕೂಗಿದರು. ಮೈದಾನವೆಲ್ಲ ನಕ್ಕಿತು. ಮಣ್ಣಿನ ಮೇಲೆ ಕುಸಿದವಳ ಕಿವಿಗೆ ಆ ನಗೆ ಬಿತ್ತು. ಮುಂದೆ ಎಷ್ಟೋ ದಿನ ಅದು ಅವಳ ಕಿವಿಯಿಂದ ಹೊರಬೀಳಲೇ ಇಲ್ಲ.

ದವಾಖಾನಿಯಲ್ಲಿ ಡಾಕ್ಟರು ಭುಜದ ಸ್ಕ್ಯಾನ್ ಫೋಟೋ ಎತ್ತಿ ಹಿಡಿದು ನೋಡಿದರು. "ಎಡಗಡೆ ಏನೂ ತೊಂದರೆ ಇಲ್ಲ. ಈ ಬಲಗೈ ವಾಸಿಯಾದಮೇಲೆ ಹಗುರ ಕೆಲಸ ಮಾಡುತ್ತೆ. ಆದರೆ ಈ ಕೈಯಿಂದ ಬಿಲ್ಲು ಎಳೆಯೋದನ್ನ ಮರೆತುಬಿಡಮ್ಮ."

ಮರೆತುಬಿಡು! ಎಷ್ಟು ಸಲೀಸು!

ಬಲಗೈಯನ್ನು ಬಟ್ಟೆಯ ಜೋಲಿಯಲ್ಲಿ ಕೊರಳಿಗೆ ಕಟ್ಟಿದರು. ಹೊಲಿಗೆ ಯಂತ್ರಕ್ಕೆ ಧೂಳು ಹಿಡಿಯಿತು. ಅಪ್ಪ ಮುತ್ತಣ್ಣ ಬೈಯಲೂ ಇಲ್ಲ. "ಸಾಕವಾ ಇನ್ನ ಆಟ," ಎಂದಷ್ಟೇ ಹೇಳಿ ರೋಣದ ಬಜಾರಿನ ತನ್ನ ಬೀಜದ ಅಂಗಡಿಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಊಟಕ್ಕೆ ಕೂತರೆ ಆಯಿಯೇ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಳು. ಇಷ್ಟು ದೊಡ್ಡ ಹುಡುಗಿ, ಸಣ್ಣ ಕೂಸಿನಂತೆ ಬಾಯಿ ತೆರೆದು ಕೂಡಬೇಕು. ಒಂದು ದಿನ ಹಸಿವು ತಾಳದೆ ಎಡಗೈ ತಾಟಿಗೆ ಚಾಚಿದಳು.

"ಆ ಕೈ ತಗೀ!" ಆಯಿ ತಾಟನ್ನೇ ಎಳೆದುಕೊಂಡಳು. "ನಾ ಸತ್ತಿಲ್ಲ ಇನ್ನ. ನಾ ಉಣಸತೀನಿ."

ಉಮಾ ಬಾಯಿ ತೆರೆದಳು. ನುಂಗಿದಳು. ಕಣ್ಣೀರು ಹರಿಯುತ್ತಲೇ ಇತ್ತು.

ಒಂದು ಕೈ ಹೋಗಿದೆ, ಇನ್ನೊಂದು ಮುಟ್ಟಬಾರದ್ದು. ನನಗೆಂದು ಏನು ಉಳಿಯಿತು? ಒಂದು ಬಿಲ್ಲು ಬೇಕೆಂದೆ. ಒಬ್ಬ ಮನುಷ್ಯ ಬೇಕೆಂದೆ. ಎರಡೂ ಇಲ್ಲ. ಇನ್ನೆಂದೂ ಏನನ್ನೂ ಬೇಕು ಅನ್ನಬಾರದು... ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಸಂಜೆಯಾಗುತ್ತಿತ್ತು. ಮತ್ತೆ ಬೆಳಗಾಗುತ್ತಿತ್ತು. ಅವಳಿಗೆ ಎರಡೂ ಒಂದೇ ಆಗಿತ್ತು.

ಕಳಕೇಶನ ಫೋನು ಬರುತ್ತಿತ್ತು. ಅವಳು ಎತ್ತಲಿಲ್ಲ.

ಒಂದು ಮಧ್ಯಾಹ್ನ ಅವನೇ ಬಂದ. ಬಾಗಿಲಲ್ಲಿ ನಿಂತ. ಕೈಯಲ್ಲಿ ಉದ್ದನೆಯ ಬಟ್ಟೆಯ ಗಂಟು. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಜೋಲಿಯಲ್ಲಿದ್ದ ಅವಳ ಕೈ ನೋಡಿ ಹೊಸ್ತಿಲ ಆಚೆಯೇ ಉಳಿದ.

"ಯಾಕ ಬಂದ್ರಿ? ನಗಾಕ?"

"ಉಮಾ ಅವರ..."

"ಶ್ವೇತಾಗ ಕೊಟ್ರಿ. ನನಗ ಯಾಕ ಕೊಡಲಿಲ್ಲ? ಅಷ್ಟ ಹೇಳ್ರಿ ನನಗ. ನಾ ಏನ ತಪ್ಪ ಮಾಡಿದ್ದೆ?"

ಅವನು ಆಯಿಯನ್ನು ನೋಡಿದ. ಆಯಿ ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತಿದ್ದಳು.

"ಮಾತಾಡ್ರಿ!" ಉಮಾ ಚೀರಿದಳು. "ಬಾಯಿ ಬಿದ್ದೈತೇನು?"

"ಇದು ನಿಮ್ಮದ್ರಿ," ಎಂದ ಕೊನೆಗೆ, ಗಂಟನ್ನು ಹೊಸ್ತಿಲೊಳಗೆ ಇಟ್ಟು. "ಮೊದಲನೇ ದಿನದಿಂದ ನಿಮ್ಮದ ಇತ್ತು. ಬರೂದು ತಡಾ ಆತು. ಭಾಳ ತಡಾ ಆತು."

ಹೊರಟೇಹೋದ. ಅಂಗಳ ದಾಟುವಾಗ ತೋಳಿನಿಂದ ಕಣ್ಣೊರೆಸಿಕೊಂಡದ್ದು ಅವಳಿಗೆ ಕಂಡಿತು.

ಉಮಾ ಎಡಗೈಯಲ್ಲೇ ಗಂಟು ಬಿಚ್ಚಿದಳು. ದ್ರಾಕ್ಷಿ ಬಣ್ಣದ ಹಿಡಿಕೆ, ಬಿಳಿ ರೆಕ್ಕೆ! ರೆಕ್ಕೆಯ ಮೇಲೆ ಹನ್ನೆರಡು ಪೌಂಡ್ ಎಂದು ಬರೆದಿತ್ತು. ಮಕ್ಕಳಿಗೆ ಕೊಡುವಷ್ಟು ಹಗುರ. ಎತ್ತಿ ಹಿಡಿದಳು. ಏನೋ ಹೊಂದಲಿಲ್ಲ. ಹಿಡಿಕೆಯ ತಗ್ಗು ಅಂಗೈಗೆ ಕೂಡಲಿಲ್ಲ. ಬಾಣ ಇಡುವ ಮೆಟ್ಟಿಲು ಎಡಕ್ಕಿರಬೇಕಾದದ್ದು ಬಲಕ್ಕಿತ್ತು. ಕನ್ನಡಿಯಲ್ಲಿ ಕಂಡಂತೆ ಎಲ್ಲ ಉಲ್ಟಾ.

"ಈಗಾದ್ರೂ ಸರಿಯಾದ್ದು ತರಲಿಲ್ಲ, ಆಯಿ!" ಅವಳು ನಗುತ್ತ ಅತ್ತಳು. "ನನ್ನ ಹಣೇಬರಾನ ನೋಡು! ಕೆಟ್ಟ ಬಿಲ್ಲು ತಂದು ಕೊಟ್ಟಾನ... ನಾ ಅಂದ್ರ ಅಷ್ಟೇ ಅವನಿಗೆ!"

ಅಡಕೊತ್ತು ಆಯಿಯ ಕೈಯಿಂದ ಕೆಳಗೆ ಬಿತ್ತು.

"ಕೆಟ್ಟದ್ದಲ್ಲವಾ ಅದು. ಎಡಚರ ಬಿಲ್ಲು, ಬಲಗೈಲೆ ಹಿಡದು ಎಡಗೈಲೆ ಎಳಿಯೂದು."

"ಏನು?"

"ನೀ ಎಡಚಿ, ನನ ಕೂಸ."

ಆಯಿಯ ದನಿ ಕೇಳಿಸಿಯೂ ಕೇಳಿಸದಂತಿತ್ತು. "ಅಂಬೆಗಾಲಿಡೂ ಮುಂದನ ಎಲ್ಲಾ ಎಡಗೈಲೆ. ಮಂದಿ ಏನಂದಾರು, ನಾಳೆ ಯಾರು ಮನಿ ತುಂಬಿಸಿಕೊಂಡಾರು ಅಂತ ನಾನ ಆ ಕೈಗೆ ಅರಿವಿ ಸುತ್ತಿ ಕಟ್ಟಿದೆ. ಕೈ ಸುಟ್ಟಿತ್ತು, ಅದಕ್ಕ ಕಟ್ಟಿದ್ದೆ ಅಂತ ನಿನಗ ಹೇಳಿದ್ದು ಸುಳ್ಳು. ಅತ್ತಿ, ಅತ್ತಿ... ಕಡೀಕೆ ಬಲಗೈ ಹಿಡದಿ. ಆ ಹುಡುಗ ಕೈ ಕಿಡಕಿಯೊಳಗ ನಿನ್ನ ಕಣ್ಣ ನೋಡಿ ಮೊದಲನೇ ದಿನಾನ ತಿಳಕೊಂಡ. ಗುರಿ ಹಿಡಿಯೂದು ನಿನ್ನ ಎಡಗಣ್ಣಂತ. ಎಡಚರ ಬಿಲ್ಲೇ ಬೇಕು, ಬ್ಯಾರೇದು ಕೊಟ್ರ ಬಾಣ ದಾರಿ ತಪ್ಪತೈತಿ, ಇದನ್ನ ಆಕಿಗೆ ಹೇಳತೀನಿ ಅಂದ. ನಾ ಅಂದೆ, ಒಂದು ಮಾತು ಬಾಯಿಬಿಟ್ರ ಆಕಿ ಮಾರಿ ನಿನಗ ಮತ್ತ ಕಾಣೂದಿಲ್ಲ. ಕಾಲಕಾಲೇಶ್ವರ ದೇವರ ಮ್ಯಾಲೆ ಆಣಿ ಹಾಕಿಸಿಕೊಂಡೆ."

ಉಮಾ ಬಿಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಲಗೈಗೆ ಕಟ್ಟಿ ಬಿಚ್ಚಿದ ಪಟ್ಟಿ... 'ಇಂಥಾದ್ದು ಲಗೂ ಸಿಗೂದಿಲ್ಲ'... ನರಗುಂದದಲ್ಲಿ ತೆರೆದು ಮುಚ್ಚಿದ ಬಾಯಿ...

"ನಿನ್ನ ಬಾಯಿಗೆ ತುತ್ತು ಇಡತೀನಿ," ಆಯಿ ಬಿಕ್ಕಿದಳು. "ನಿನ್ನ ಕಣ್ಣೀರು ಒರಸಾಕ ನನ್ನ ಕೈಲೆ ಆಗವಲ್ದವಾ. ಹೋಗು. ಬಸ್ ಬಿಟ್ಟೀತು."

ಚಪ್ಪಲಿ ಮೆಟ್ಟದೆ ಓಡಿದಳು. ಬಜಾರಿನ ಜನ ನೋಡಿದರು. ಅಂಗಡಿಯಿಂದ ಅಪ್ಪ ಕೂಗಿದ. ಹೆಜ್ಜೆ ಹೆಜ್ಜೆಗೂ ಭುಜ ಕಿತ್ತು ಬರುವಂತಾಗುತ್ತಿತ್ತು.

ರೋಣದ ಬಸ್‌ಸ್ಟ್ಯಾಂಡಿನಲ್ಲಿ ಗಜೇಂದ್ರಗಡದ ಬಸ್ಸು ಗುರುಗುಡುತ್ತಿತ್ತು. ಕಿಟಕಿಯ ಪಕ್ಕ ಸೊಟ್ಟ ಮೂಗು.

"ಕಳಕೇಶ!"

ಅವಳ ಬಾಯಲ್ಲಿ ಅವನ ಹೆಸರು ಬಂದದ್ದು ಅದೇ ಮೊದಲು. ಅವನು ಇಳಿದು ಬಂದ. ಇಬ್ಬರೂ ಏದುಸಿರು ಬಿಡುತ್ತಿದ್ದರು, ಅವನು ಓಡಿರದಿದ್ದರೂ.

"ಆಯಿ ಹೇಳಿದ್ಲು. ಎಲ್ಲಾ."

ಅವನು ಕಣ್ಣು ಮುಚ್ಚಿಕೊಂಡ.

"ನಾ ಬೀಳೂದು ನೋಡಕೋತ ನಿಂತ್ರಲ್ಲ... ಆಣಿ ಅಷ್ಟ ದೊಡ್ಡದಿತ್ತೇನ್ರಿ?"

"ಆಣಿಗೆ ಅಂಜಿದ್ದಲ್ಲ," ಎಂದ. "ಬಾಯಿಬಿಟ್ರ ನೀವು ಮತ್ತ ಬರೂದಿಲ್ಲ ಅಂತ ಅಂಜಿದೆ. ವಾರದಾಗ ರವಿವಾರ ಒಂದ ನನಗ ದಿನ ಅನಸತಿತ್ತು. ನನ್ನ ಸ್ವಾರ್ಥಕ್ಕ ನಿಮ್ಮ ಕೈ ಹೋತು. ಬೈರಿ. ಹೊಡೀರಿ. ಆದ್ರ ನಿಮ್ಮ ಮ್ಯಾಲೆ ಜೀವ ಇಟ್ಟಿದ್ದು ಖರೇ, ಉಮಾ."

ಉಮಾ ಅತ್ತಳು. ಬಸ್‌ಸ್ಟ್ಯಾಂಡಿನ ನಡುವೆ, ಎಲ್ಲರೆದುರು ಅತ್ತಳು. ಕೈ ಮೊದಲಿನಂತೆ ಆಗುವುದಿಲ್ಲ, ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಆಡಿದ ಯಾವ ಮಾತೂ ಆ ಭುಜವನ್ನು ಹೊಲಿಯುವುದಿಲ್ಲ.

"ಈ ಕೈಲೆ ಬಿಲ್ಲು ಎಳಿಯಾಕ ಬರೂದಿಲ್ಲಂತ," ಎಂದಳು ಬಿಕ್ಕುತ್ತ.

"ಎಳೀಬ್ಯಾಡ್ರಿ. ವಾಸಿ ಆದಮ್ಯಾಲೆ ಸುಮ್ನ ಹಿಡದ್ರ ಸಾಕು. ಎಳಿಯೂದು ಎಡಗೈಲೆ. ಬರಲಿಲ್ಲ ಅಂದ್ರ ಬರಲಿಲ್ಲ, ನಾ ಹೋಗೂದಿಲ್ಲ ಎಲ್ಲೂ."

ಉಮಾ ಎಡಗೈ ಎತ್ತಿ ಅವನ ಮುಖದೆದುರು ಹಿಡಿದಳು. ಅರ್ಧ ಕಿಡಕಿ.

"ಇನ್ನೊಂದು ಕೈ ಇಲ್ಲ ನನ್ನ ಹತ್ರ."

ಕಳಕೇಶನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ತನ್ನ ಕೈ ಎತ್ತಿ ಅವಳ ಬೆರಳಿಗೆ ಕೂಡಿಸಿದ. ಕಿಡಕಿ ಪೂರ್ತಿಯಾಯಿತು. ಅವಳು ಅದರೊಳಗಿಂದ ಅವನ ಮೂಗು ನೋಡಿದಳು.

"ನಿಮಗ ನನ್ನ ಯಾವ ಕಣ್ಣು ಕಾಣತೈತಿ?"

"ಎಡಗಣ್ಣು."

"ಜೋರಾಗಿ ಹೇಳ್ರಿ. ಎಲ್ಲಾರಿಗೂ ಕೇಳಲಿ."

"ಎಡಗಣ್ಣು!" ಎಂದು ಕೂಗಿದ ಕಳಕೇಶ. ಬಾಳೆಹಣ್ಣು ಮಾರುವವಳು ತಿರುಗಿ ನೋಡಿದಳು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಧೂಳೆಬ್ಬಿಸಿ ಹೊರಟಿತು.

"ನಿಮ್ಮ ಬಸ್ ಹೋತು," ಎಂದಳು ಉಮಾ, ಕೈ ಬಿಡದೆ.

"ಹೋಗಲಿ ಬಿಡು."